ಕುಮುದ್ವತಿ ಹೊಳೆಯ ಹುಟ್ಟು, ಹರಿವು ಮತ್ತು ರೈತರ ಹೊಣೆ

ಹಳ್ಳವೆಂದರೆ ಬರಿಯ ನೀರಿನ ಕಾಲುವೆಯಲ್ಲ. ಅದರ ಎರಡೂ ಬದಿಯ ದಿಣ್ಣೆ, ಹೊಲ, ಗೋಮಾಳ, ಕೆರೆ ಎಲ್ಲವೂ ಸೇರಿ ಒಂದು ಹಳ್ಳವಾಗುತ್ತದೆ. ಮಳೆನೀರು ಹರಿದು ಒಂದೇ ಹಳ್ಳವನ್ನು ಸೇರುವ ಈ ಇಡೀ ಭೂಭಾಗಕ್ಕೆ ಜಲಾನಯನ ಪ್ರದೇಶವೆಂದು ಹೆಸರು. ಇದನ್ನು ತಿಳಿಯಲು ಕುಮುದ್ವತಿ ಹೊಳೆ ಒಳ್ಳೆಯ ಉದಾಹರಣೆ.

ಹೊಳೆಯ ದಾರಿ

ಕುಮುದ್ವತಿಯು ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟದ ಬಳಿ ಹುಟ್ಟುತ್ತದೆ. ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು 4,500 ಅಡಿ. ಹೊಳೆಯು ಆಗ್ನೇಯ ದಿಕ್ಕಿಗೆ ಇಳಿದು, ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿಯು ಮುಂದೆ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಶಿವಮೊಗ್ಗ ಜಿಲ್ಲೆಯಲ್ಲಿ ಹುಟ್ಟಿ ತುಂಗಭದ್ರೆಯನ್ನು ಸೇರುವ ಕುಮುದ್ವತಿ ಬೇರೆ. ಹೆಸರು ಮಾತ್ರ ಒಂದೇ.

ಎರಡು ಹೊಳೆಗಳು ಕೂಡುವ ಈ ಜಾಗದಲ್ಲಿ ಬೆಂಗಳೂರಿನ ಕುಡಿಯುವ ನೀರಿಗಾಗಿ ಕಟ್ಟಿದ ಜಲಾಶಯ 1933ರಲ್ಲಿ ಸಿದ್ಧವಾಯಿತು. ಇದಕ್ಕೆ ಚಾಮರಾಜಸಾಗರವೆಂದೂ ಹೆಸರಿದೆ. ಶಿವಗಂಗೆಯ ತಪ್ಪಲಿನ ಹೊಲದಲ್ಲಿ ಬಿದ್ದ ಹನಿ ಒಂದು ಕಾಲಕ್ಕೆ ಪಟ್ಟಣದ ಕೊಳಾಯಿಯನ್ನು ಮುಟ್ಟುತ್ತಿತ್ತು.

ಮೂರು ಭಾಗಗಳು

ಯಾವ ಹಳ್ಳವನ್ನಾದರೂ ಮೂರು ಭಾಗ ಮಾಡಿ ನೋಡಬಹುದು. ಮೇಲ್ಭಾಗದಲ್ಲಿ ಇಳಿಜಾರು ಹೆಚ್ಚು. ನೀರು ರಭಸದಿಂದ ಓಡಿ ಕೊರಕಲು ಕೊರೆಯುತ್ತದೆ. ನಡುಭಾಗದಲ್ಲಿ ಓಟ ತಗ್ಗಿ ಹಳ್ಳ ಬಳುಕುತ್ತದೆ. ತಿರುವಿನ ಹೊರದಡ ಕೊಚ್ಚಿಹೋಗುತ್ತದೆ, ಒಳದಡದಲ್ಲಿ ಮರಳು ನಿಲ್ಲುತ್ತದೆ. ಕೆಳಭಾಗದಲ್ಲಿ ನೀರು ನಿಧಾನವಾಗಿ, ತಂದ ಮಣ್ಣೆಲ್ಲ ಕೆರೆ, ಜಲಾಶಯಗಳ ತಳದಲ್ಲಿ ಹೂಳಾಗಿ ಕೂರುತ್ತದೆ. ಮೇಲಿನವರ ಹೊಲದ ಮಣ್ಣೇ ಕೆಳಗಿನವರ ಕೆರೆಯ ಹೂಳು.

ಈ ಸೀಮೆಯ ತಳದಲ್ಲಿರುವುದು ಗಟ್ಟಿ ಕಲ್ಲು. ನೀರು ನಿಲ್ಲುವುದು ಮೇಲಿನ ಸವೆದ ಪದರದಲ್ಲಿ ಮತ್ತು ಕಲ್ಲಿನ ಬಿರುಕುಗಳಲ್ಲಿ ಮಾತ್ರ. ಈ ಪದರ ತುಂಬಿದ್ದಾಗ ಮಳೆ ನಿಂತ ಮೇಲೂ ನೀರು ಜಿನುಗಿ ಹಳ್ಳ ಹರಿಯುತ್ತದೆ. ಪದರ ಬರಿದಾದರೆ ಮಳೆ ಬಿದ್ದ ದಿನ ಮಾತ್ರ ಹರಿದು ಮರುದಿನ ಒಣಗುತ್ತದೆ.

ಹೊಳೆ ಬತ್ತಿದ್ದೇಕೆ?

ಕುಮುದ್ವತಿ ಬತ್ತಲು ಒಂದೇ ಕಾರಣವಿಲ್ಲ. ಕೊಳವೆಬಾವಿಗಳು ಆಳಕ್ಕಿಳಿದು ಮೇಲಿನ ಪದರ ಒಣಗಿತು. ನೀಲಗಿರಿ ತೋಪುಗಳು ಮಣ್ಣಿನ ತೇವವನ್ನು ಹೀರಿದವು. ಕೆರೆಗೆ ನೀರು ತರುವ ಕಾಲುವೆಗಳು ಮುಚ್ಚಿಹೋದವು. ಮರಳು ತೆಗೆದ ಕಡೆ ನೀರು ಹಿಡಿದಿಡುವ ಹಾಸಿಗೆಯೇ ಇಲ್ಲವಾಯಿತು.

ಜಲಾಶಯದ ಜಲಾನಯನವನ್ನು ಕಾಪಾಡಲು ರಾಜ್ಯ ಸರ್ಕಾರ 2003ರಲ್ಲಿ ಆದೇಶ ಹೊರಡಿಸಿತು. 2013ರಲ್ಲಿ ಆರ್ಟ್ ಆಫ್ ಲಿವಿಂಗ್ ಸಂಸ್ಥೆಯು ಗ್ರಾಮಸ್ಥರೊಡನೆ ಸೇರಿ ಕಲ್ಲುತಡೆ, ಇಂಗುಬಾವಿಗಳ ಕೆಲಸವನ್ನು ಆರಂಭಿಸಿತು. ಆದರೆ ಹೊಲದ ಮಾಲೀಕರು ಕೈಜೋಡಿಸದೆ ಇಂಥ ಕೆಲಸ ನಿಲ್ಲಲಾರದು.

ನೀರಿನ ಲೆಕ್ಕ

ಒಂದು ಹೆಕ್ಟೇರ್ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಅದು 1 ಲಕ್ಷ ಲೀಟರ್ ನೀರು. ಇದರ ಕಾಲುಭಾಗ ಹರಿದುಹೋದರೂ 25,000 ಲೀಟರ್ ನಷ್ಟ, ಜೊತೆಗೆ ಫಲವತ್ತಾದ ಮೇಲ್ಮಣ್ಣೂ ಹೋಯಿತು.

ಹಳ್ಳದ ಹರಿವನ್ನು ರೈತರೇ ಅಳೆಯಬಹುದು. ನೇರವಾದ 10 ಮೀಟರ್ ಉದ್ದವನ್ನು ಗುರುತಿಸಿ, ಮರದ ತುಂಡೊಂದನ್ನು ತೇಲಿಬಿಡಬೇಕು. ಅದು 20 ಸೆಕೆಂಡಿನಲ್ಲಿ ಸಾಗಿದರೆ ವೇಗ ಸೆಕೆಂಡಿಗೆ ಅರ್ಧ ಮೀಟರ್. ತಳದ ನೀರು ನಿಧಾನವಾದ್ದರಿಂದ 0.8ರಿಂದ ಗುಣಿಸಿದರೆ 0.4 ಮೀಟರ್. ಹಳ್ಳದ ಅಗಲ 2 ಮೀಟರ್, ಸರಾಸರಿ ಆಳ ಕಾಲು ಮೀಟರ್ ಇದ್ದರೆ ಹರಿವು ಸೆಕೆಂಡಿಗೆ 200 ಲೀಟರ್. ಪ್ರತಿ ವರ್ಷ ಒಂದೇ ಜಾಗದಲ್ಲಿ, ಮಳೆ ನಿಂತ ಹತ್ತನೆಯ ದಿನ ಅಳೆದು ಬರೆದಿಟ್ಟರೆ ಹಳ್ಳ ಸುಧಾರಿಸುತ್ತಿದೆಯೇ ಎಂದು ತಿಳಿಯುತ್ತದೆ.

ರೈತರು ಮಾಡಬೇಕಾದ ಕೆಲಸ

1. ಕೆಲಸ ಮೇಲಿನಿಂದ ಕೆಳಕ್ಕೆ ಸಾಗಬೇಕು. ಕೆಳಗೆ ಮೊದಲು ತಡೆ ಕಟ್ಟಿದರೆ ಅದು ಬೇಗ ಹೂಳಿನಿಂದ ತುಂಬುತ್ತದೆ.

2. ಮೇಲ್ಭಾಗದ ಸಣ್ಣ ಕೊರಕಲುಗಳಿಗೆ ಅಲ್ಲಿಯೇ ಸಿಗುವ ಕಲ್ಲಿನಿಂದ ತಡೆ ಹಾಕಬೇಕು. ತಡೆಯ ನಡುವೆ ತಗ್ಗಿರಲಿ. ಇಲ್ಲದಿದ್ದರೆ ನೀರು ಪಕ್ಕದ ದಡವನ್ನು ಕೊರೆಯುತ್ತದೆ.

3. ರಾಗಿ ಹೊಲಗಳಲ್ಲಿ ಇಳಿಜಾರಿಗೆ ಅಡ್ಡಲಾಗಿ ಉಳಬೇಕು, ಬಿತ್ತಬೇಕು. ಬದುಗಳ ಮೇಲೆ ಲಾವಂಚ ನೆಡುವುದು ಒಳ್ಳೆಯದು.

4. ತಿರುವಿನ ಹೊರದಡದಲ್ಲಿ ಬಿದಿರು, ಹೊಂಗೆ, ಲಕ್ಕಿ ಬೆಳೆಸಬೇಕು. ಹಳ್ಳದ ಅಂಚಿನವರೆಗೂ ಉಳಬಾರದು.

5. ಕೆರೆಯ ಹೂಳನ್ನು ಪರೀಕ್ಷೆ ಮಾಡಿಸಿ ಹೊಲಕ್ಕೆ ಹಾಕಬಹುದು. ಮಳೆಗಾಲಕ್ಕೆ ಮೊದಲೇ ಕಾಲುವೆ, ಕೋಡಿ, ತೂಬುಗಳನ್ನು ಸರಿಪಡಿಸಬೇಕು.

ಹಳ್ಳ ಒಬ್ಬರ ಸ್ವತ್ತಲ್ಲ. ಒಬ್ಬನ ಬದು ಒಡೆದರೆ ಅದರ ಕೆಳಗಿನ ಹತ್ತು ಬದುಗಳಿಗೆ ಅಪಾಯ. ಆದುದರಿಂದ ಒಂದೇ ಹಳ್ಳದ ರೈತರು ಬೇಸಿಗೆಯಲ್ಲೇ ಒಟ್ಟುಗೂಡಿ, ಅದರ ಮೂಲದಿಂದ ಕೆರೆಯವರೆಗೆ ಒಮ್ಮೆ ನಡೆದು ನೋಡಿ, ಕೆಲಸಗಳನ್ನು ಹಂಚಿಕೊಳ್ಳುವುದು ಲೇಸು.