ಸೈನಸ್ ಆಪರೇಷನ್: ಗುರುತು ತಪ್ಪದಿದ್ದರೆ ಕೈ ತಪ್ಪದು

ಪ್ರಶ್ನೆ: ತಮ್ಮನ ಮೂಗಿನಲ್ಲಿ ದುರ್ಮಾಂಸ ಬೆಳೆದಿದೆ. ಎಂಡೋಸ್ಕೋಪ್ ಮೂಲಕ ತೆಗೆಯಬೇಕಂತೆ. ಡಾಕ್ಟರ ಕೈ ಸ್ವಲ್ಪ ತಪ್ಪಿದರೂ ಕಣ್ಣೇ ಹೋಗುತ್ತದೆ ಎಂದು ನೆಂಟರು ಹೆದರಿಸುತ್ತಿದ್ದಾರೆ. ನಿಜವೇ?
– ಓದುಗರೊಬ್ಬರು, ಕಗ್ಗದಾಸಪುರ

ಉತ್ತರ: ಅಪಾಯ ಇದೆ, ಆದರೆ ಬಹಳ ಅಪರೂಪ. ಸೈನಸ್‌ಗೂ ಕಣ್ಣಿಗೂ ನಡುವೆ ಇರುವುದು ಕಾಗದದಂಥ ಮೂಳೆ. ಮೇಲುಗಡೆ ಮಿದುಳು. ಇವೆರಡರ ನಡುವಿನ ಮೂಳೆಯಲ್ಲಿ ವಾಸನೆಯ ನರಗಳು ಕೂರುವ ತಗ್ಗು ಕೆಲವರಲ್ಲಿ 1ರಿಂದ 3 ಮಿ.ಮೀ. ಆಳ, ಇನ್ನು ಕೆಲವರಲ್ಲಿ 8 ಮಿ.ಮೀ.ಗೂ ಹೆಚ್ಚು ಎಂದು ಕೆರೋಸ್ ಎಂಬ ವೈದ್ಯ 1962ರಲ್ಲೇ ವಿಂಗಡಿಸಿದ್ದರು. ಆಳ ಹೆಚ್ಚಿದಷ್ಟೂ ಪೆಟ್ಟಾಗುವ ಸಂಭವ ಹೆಚ್ಚು.

ಕೈ ತಪ್ಪುವ ಮೊದಲು ಸಾಮಾನ್ಯವಾಗಿ ಗುರುತು ತಪ್ಪಿರುತ್ತದೆ. ರಕ್ತ ಒಸರಿ ಪರದೆ ಕೆಂಪಾದಾಗ, ಹಿಂದಿನ ಆಪರೇಷನ್‌ನಲ್ಲಿ ಗುರುತಿನ ಮೂಳೆಗಳು ಹೋಗಿದ್ದಾಗ, ಸಿ.ಟಿ. ಫಿಲ್ಮಿನ ಎಡಬಲ ಅದಲು ಬದಲಾದಾಗ ಎಡವಟ್ಟಾಗುತ್ತದೆ. ಕಪ್ಪು ಶಿಲೀಂಧ್ರ ಕಾಯಿಲೆ ಮೂಳೆಯನ್ನೇ ತಿಂದುಹಾಕುವುದರಿಂದ ಅಂಥ ಮೂಗಿನಲ್ಲಿ ದಾರಿ ಗುರುತಿಸುವುದು ಇನ್ನೂ ಕಷ್ಟ.

ಪ್ರಶ್ನೆ: ಹಾಗಾದರೆ ತಪ್ಪು ತಡೆಯುವುದು ಹೇಗೆ?

ಉತ್ತರ: ಅರ್ಧ ಕೆಲಸ ಸ್ಕ್ಯಾನ್ ಓದುವಾಗಲೇ ಮುಗಿಯಬೇಕು. ಮಿದುಳಿನ ತಳ, ಕಣ್ಣಿನ ಗೋಡೆ, ದೃಷ್ಟಿನರ, ರಕ್ತನಾಳ ಎಲ್ಲೆಲ್ಲಿವೆ ಎಂದು ಒಂದೊಂದಾಗಿ ನೋಡಿ ಬರೆದುಕೊಳ್ಳುವ ಪಟ್ಟಿಗಳಿವೆ. ಪಟ್ಟಿಯಿಂದ ಪ್ರಯೋಜನ ಉಂಟು: ವಿಶ್ವ ಆರೋಗ್ಯ ಸಂಸ್ಥೆಯ 2008ರ ಆಪರೇಷನ್ ಸುರಕ್ಷತಾ ಪಟ್ಟಿಯನ್ನು ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಪರೀಕ್ಷಿಸಿದಾಗ, ಹಲವು ಬಗೆಯ ಆಪರೇಷನ್ ಸೇರಿ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿಯಿತು.

ಆಪರೇಷನ್ ಟೇಬಲ್ ಮೇಲೆ ರೋಗಿಯ ಕಣ್ಣಿಗೆ ಬಟ್ಟೆ ಮುಚ್ಚುವುದಿಲ್ಲ. ಅನುಮಾನ ಬಂದಾಗ ಸಹಾಯಕರು ರೆಪ್ಪೆಯ ಮೇಲೆ ಮೆಲ್ಲಗೆ ಒತ್ತುತ್ತಾರೆ, ಸರ್ಜನ್ ಪರದೆ ನೋಡುತ್ತಿರುತ್ತಾರೆ. ಒತ್ತಿದಾಗ ಒಳಗೆ ಹಳದಿ ಕೊಬ್ಬು ಅಲುಗಿದರೆ ಗೋಡೆ ಒಡೆದಿದೆ ಎಂದರ್ಥ, ಅಲ್ಲಿ ಮುಂದುವರಿಯುವಂತಿಲ್ಲ. ದಾರಿ ತೋರುವ ನ್ಯಾವಿಗೇಷನ್ ಯಂತ್ರವೂ ಸುಮಾರು 2 ಮಿ.ಮೀ. ಆಚೀಚೆ ತೋರಿಸಬಹುದು. ಅದನ್ನೇ ನಂಬಿ ಕೂರುವುದೂ ತಪ್ಪೇ.

ಪ್ರಶ್ನೆ: ಮನೆಯವರು ಏನು ಮಾಡಬೇಕು?

ಉತ್ತರ: ಹಳೆಯ ಆಪರೇಷನ್ ಕಾಗದ, ಸ್ಕ್ಯಾನ್ ಸಿ.ಡಿ. ಒಯ್ಯಿರಿ. ಆಸ್ಪಿರಿನ್‌ನಂಥ ಮಾತ್ರೆ ನುಂಗುತ್ತಿದ್ದರೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಆಪರೇಷನ್ ಆದ ಮೇಲೆ ಮೂಗು ಸೀನಿ ಸಿಂಬಳ ತೆಗೆಯುವುದು ಬೇಡ. ಬಗ್ಗಿದಾಗ ಮೂಗಿನಿಂದ ತಿಳಿನೀರು ಸುರಿದರೆ ಅಂದೇ ಡಾಕ್ಟರಿಗೆ ತೋರಿಸಿ. ಕಣ್ಣು ಊದಿ ದೃಷ್ಟಿ ಮಂಜಾದರೆ ಬೆಳಗಾಗಲಿ ಎಂದು ಕಾಯಬೇಡಿ: ಕಣ್ಣಿನ ಹಿಂದೆ ರಕ್ತ ಕಟ್ಟಿದ್ದರೆ ದೃಷ್ಟಿ ಉಳಿಸಲು ಸಿಗುವುದು ಸುಮಾರು ಒಂದೂವರೆ ಗಂಟೆ. ಕಗ್ಗದಾಸಪುರದ ಟ್ರಾಫಿಕ್‌ನಲ್ಲಿ ಯಾವ ಆಸ್ಪತ್ರೆಯನ್ನು ಬೇಗ ಮುಟ್ಟಬಹುದು ಎಂಬುದನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಿ.