ಪಂಪ್ ತರುವ ಮೊದಲು ಪೈಪ್ ನೋಡಮ್ಮಾ

ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿದರೆ ಮಹಡಿಯ ಬಚ್ಚಲಲ್ಲಿ ಶವರ್ ನಿಂತೇಹೋಗುತ್ತದೆ, ವಾಷಿಂಗ್ ಮೆಷಿನ್ ನೀರು ತುಂಬಿಕೊಳ್ಳುವಾಗ ಎಲ್ಲ ನಲ್ಲಿಗಳಲ್ಲೂ ನೂಲಿನಷ್ಟೇ ನೀರು ಅಂತ ಹೇಳಿದೆಯಲ್ಲಮ್ಮಾ. ಪ್ರೆಷರ್ ಪಂಪ್ ಹಾಕಿಸಿಬಿಡಿ ಅಂತ ಅಂಗಡಿಯವರು ಹೇಳಿದರೆಂದು ಈಗಲೇ ದುಡ್ಡು ಕಟ್ಟಬೇಡ. ಬಹಳಷ್ಟು ಮನೆಗಳಲ್ಲಿ ತೊಂದರೆ ಇರುವುದು ಪೈಪಿನಲ್ಲಿ.

ಮಹಡಿ ಮೇಲಿನ ಟ್ಯಾಂಕಿನಿಂದ ಇಳಿಯುವ ನೀರಿಗೆ ಎತ್ತರವೇ ಬಲ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. ನಿಮ್ಮ ಮಹಡಿಯ ಶವರಿಗಿಂತ ಟ್ಯಾಂಕಿನ ನೀರು 3 ಮೀಟರ್ ಮೇಲಿದ್ದರೆ ಅಲ್ಲಿ ಸಿಗುವುದು 0.3 ಬಾರ್ ಅಷ್ಟೇ. ಕೆಳಗಿನ ಅಡುಗೆಮನೆಗೆ ಅದರ ಎರಡರಷ್ಟು. ಎರಡಕ್ಕೂ ಒಂದೇ ಪೈಪ್ ಇಳಿದಿದ್ದರೆ ಕೆಳಗಿನ ನಲ್ಲಿ ನೀರನ್ನೆಲ್ಲ ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಮೇಲಿನ ಶವರಿಗೆ ಏನೂ ಉಳಿಯುವುದಿಲ್ಲ.

ಇನ್ನೊಂದು ವಿಷಯ ನೆನಪಿಟ್ಟುಕೋ. ಪೈಪಿನೊಳಗೆ ಹರಿಯುವಾಗ ನೀರು ಗೋಡೆಗೆ ಉಜ್ಜಿ ಒತ್ತಡ ಕಳೆದುಕೊಳ್ಳುತ್ತದೆ. ಅದೇ ಪೈಪಿನಲ್ಲಿ ಎರಡರಷ್ಟು ನೀರು ಹರಿದರೆ ನಷ್ಟ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಒಂದು ನಲ್ಲಿ ಬಿಟ್ಟಾಗ ಚೆನ್ನಾಗಿದ್ದದ್ದು ಮೂರು ಬಿಟ್ಟಾಗ ಕೈಕೊಡುವುದು ಅದಕ್ಕೇ. ಮುಕ್ಕಾಲು ಇಂಚಿನ ಬದಲು ಒಂದಿಂಚಿನ ಪೈಪ್ ಹಾಕಿದರೆ, ಅಷ್ಟೇ ನೀರಿಗೆ ನಷ್ಟ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ.

ಈ ಭಾನುವಾರ ಒಂದು ಕೆಲಸ ಮಾಡು. ಟ್ಯಾಂಕ್ ತುಂಬಿಸಿ, 10 ಲೀಟರಿನ ಬಕೆಟ್ ಇಟ್ಟು, ಬಚ್ಚಲಿನ ನಲ್ಲಿಯೊಂದನ್ನೇ ಬಿಟ್ಟು ತುಂಬಲು ಎಷ್ಟು ಸೆಕೆಂಡ್ ಬೇಕೆಂದು ನೋಡು. ಆಮೇಲೆ ಅಡುಗೆಮನೆಯ ನಲ್ಲಿಯನ್ನೂ ಬಿಟ್ಟು ಮತ್ತೆ ನೋಡು. ಒಂಟಿಯಾಗಿ ಬಿಟ್ಟಾಗಲೇ ನಿಧಾನವಾದರೆ ಆ ನಲ್ಲಿಯ ಬಾಯಿಯ ಜಾಲರಿ ಬಿಚ್ಚಿ ತೊಳೆ. ಬೋರ್‌ವೆಲ್ ನೀರಾದರೆ ಅಲ್ಲಿ ಬಿಳಿ ಸುಣ್ಣ ಗಟ್ಟಿಯಾಗಿ ಕೂತಿರುತ್ತದೆ. ಒಂದಿಷ್ಟು ಹೊತ್ತು ವಿನಿಗರ್‌ನಲ್ಲಿ ನೆನೆಸಿ ಉಜ್ಜಿದರೆ ಬಿಡುತ್ತದೆ. ಒಂಟಿಯಾಗಿ ಚೆನ್ನಾಗಿ ಬಂದು, ಜೊತೆಯಲ್ಲಿ ಬಿಟ್ಟಾಗ ಮಾತ್ರ ಇಳಿದರೆ ಎರಡಕ್ಕೂ ಸೇರಿದ ಪೈಪ್ ಸಣ್ಣದಾಗಿದೆ, ಇಲ್ಲವೇ ಟ್ಯಾಂಕಿನ ಬಳಿಯ ಗೇಟ್ ವಾಲ್ವ್ ಅರ್ಧ ಮುಚ್ಚಿದೆ. ಮೊದಲು ವಾಲ್ವ್ ಪೂರ್ತಿ ತೆರೆದು ನೋಡು. ಹಳೆಯ ಜಿಐ ಪೈಪಾದರೆ ಒಳಗೆ ತುಕ್ಕು ಕಟ್ಟಿ ದಾರಿ ಕಿರಿದಾಗಿರಬಹುದು.

ಇದರ ಮೇಲೂ ಸರಿಹೋಗದಿದ್ದರೆ ಪ್ಲಂಬರನ್ನು ಕರೆಸಿ ಮಹಡಿಯ ಬಚ್ಚಲಿಗೊಂದು, ಕೆಳಗಿನ ಅಡುಗೆಮನೆಗೊಂದು ಹೀಗೆ ಟ್ಯಾಂಕಿನಿಂದಲೇ ಬೇರೆ ಬೇರೆ ಲೈನ್ ಇಳಿಸು. ಪ್ರತಿ ಲೈನಿನ ನೆತ್ತಿಯಲ್ಲಿ ಟ್ಯಾಂಕಿಗಿಂತ ಎತ್ತರಕ್ಕೆ ನಿಲ್ಲುವ ಏರ್ ಪೈಪ್ ಇರಲಿ, ಗಾಳಿ ಸಿಕ್ಕಿಕೊಂಡು ನೀರು ತಡೆಯುವುದಿಲ್ಲ. ಟ್ಯಾಂಕನ್ನು ಕಂಬದ ಮೇಲೆ ಎತ್ತಿಡುವುದಾದರೆ ಇಂಜಿನಿಯರನ್ನು ಕೇಳಿಯೇ ಎತ್ತಿಡು. ಸಾವಿರ ಲೀಟರ್ ನೀರೆಂದರೆ ಒಂದು ಟನ್ ಭಾರ.

ಎಲ್ಲಕ್ಕಿಂತ ಮುಖ್ಯವಾದದ್ದು ಮಗುವಿನ ಸ್ನಾನ. ನಿಮ್ಮ ಸೋಲಾರಿನ ಬಿಸಿನೀರು ಬೇರೆ ಪೈಪಿನಲ್ಲಿ ಇಳಿಯುತ್ತದೆ. ಯಾರೋ ಫ್ಲಷ್ ಮಾಡಿದರೆ ಫ್ಲಷ್ ಟ್ಯಾಂಕ್ ತುಂಬುವಷ್ಟು ಹೊತ್ತು ತಣ್ಣೀರು ಇಳಿದುಹೋಗಿ, ಮಿಕ್ಸರಿನಿಂದ ಕುದಿಯುವಂಥ ನೀರೇ ಮೈಮೇಲೆ ಬೀಳಬಹುದು. ಲೈನ್ ಸರಿಪಡಿಸುವವರೆಗೂ ಮಗುವಿಗೆ ಶವರ್ ಬೇಡ. ಬಕೆಟ್‌ಗೆ ಮೊದಲು ತಣ್ಣೀರು ಬಿಟ್ಟು, ಆಮೇಲೆ ಬಿಸಿನೀರು ಬೆರೆಸಿ, ಕೈಯಿಂದ ಹದ ನೋಡಿ ಮೀಯಿಸು.

ಇಷ್ಟೆಲ್ಲ ಮಾಡಿದ ಮೇಲೂ ಮೇಲಿನ ಶವರ್ ಸಪ್ಪೆಯಾಗಿದ್ದರೆ ಆಗ ಪಂಪ್ ತೆಗೆದುಕೋ, ತಪ್ಪಲ್ಲ. ಅದನ್ನು ಟ್ಯಾಂಕಿನಿಂದ ಇಳಿಯುವ ಲೈನಿಗೇ ಹಾಕಿಸು. ಬೀದಿಯಿಂದ ಬರುವ ಕಾವೇರಿ ಲೈನಿಗೆ ನೇರವಾಗಿ ಮೋಟಾರು ಕೂರಿಸುತ್ತೇನೆ ಅಂತ ಯಾರು ಹೇಳಿದರೂ ಒಪ್ಪಬೇಡ. ಅದು ನಿಯಮಕ್ಕೂ ವಿರುದ್ಧ, ಪಕ್ಕದ ಮನೆಯವರ ಪಾಲಿನ ನೀರನ್ನೂ ಎಳೆದುಕೊಳ್ಳುತ್ತದೆ. ಆ ಪೈಪ್ ಎಲ್ಲಾದರೂ ಒಡೆದಿದ್ದರೆ ಸುತ್ತಲಿನ ಕೊಳಚೆಯೂ ಒಳಗೆ ಬಂದು ನಿಮ್ಮ ಸಂಪಿಗೇ ಸೇರುತ್ತದೆ. ಬೀದಿಯ ನೀರು ತಾನಾಗಿ ಸಂಪಿಗೆ ಇಳಿಯಲಿ. ಅಲ್ಲಿಂದ ಮುಂದಿನ ಮೋಟಾರು, ಪಂಪ್ ಎಲ್ಲ ನಿಮ್ಮ ಮನೆಯ ನೀರಿಗೆ ಮಾತ್ರ.