ಗೃಹ ಲಿಫ್ಟ್: ಹಗ್ಗಕ್ಕಿಂತ ಬಾಗಿಲಿನ ಮೇಲೆ ಗಮನವಿರಲಿ

ಬಜಪೆಯಂತಹ ಊರುಗಳಲ್ಲಿ ವೃದ್ಧ ತಂದೆತಾಯಿಯರಿಗಾಗಿ ಮನೆಯಲ್ಲಿ ಲಿಫ್ಟ್ ಹಾಕಿಸುವವರನ್ನು ಸಹಜವಾಗಿ ಕಾಡುವ ಅಳುಕು, ಹಗ್ಗ ತುಂಡಾದರೆ ಗತಿಯೇನು ಎಂಬುದು. 1854ರಲ್ಲಿಯೇ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಎಲಿಶಾ ಓಟಿಸ್ ತಾನು ನಿಂತಿದ್ದ ವೇದಿಕೆಯ ಹಗ್ಗವನ್ನು ಕಡಿಸಿ, ಅದು ಬೀಳದೆ ನಿಲ್ಲುವುದನ್ನು ತೋರಿಸಿದ್ದನು. ಇಂದಿನ ಹಗ್ಗದ ಲಿಫ್ಟುಗಳಲ್ಲಿ ವೇಗ ಮಿತಿಮೀರಿದೊಡನೆ ಗವರ್ನರ್ ಎಂಬ ಸಾಧನವು ಬ್ರೇಕುಗಳನ್ನು ಕಂಬಿಗಳಿಗೆ ಕಚ್ಚಿಸುತ್ತದೆ.

ಹೆಚ್ಚಿನ ಎಚ್ಚರ ಬೇಕಾದುದು ಬಾಗಿಲಿನಲ್ಲಿ. ಮಹಡಿಯ ಬಾಗಿಲಿಗೂ ಲಿಫ್ಟಿನ ಬಾಗಿಲಿಗೂ ನಡುವೆ ಮಗುವೊಂದು ನಿಲ್ಲುವಷ್ಟು ತೆರಪಿದ್ದರೆ, ಎರಡೂ ಮುಚ್ಚಿಕೊಂಡು ಲಿಫ್ಟ್ ಚಲಿಸಿಬಿಡಬಹುದು. ಇಂತಹ ಸಾವುಗಳ ಬಳಿಕ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 2019ರಲ್ಲಿ ಎಚ್ಚರಿಕೆ ನೀಡಿ, ತೆರಪನ್ನು ತಡೆಫಲಕದಿಂದ ತುಂಬಿಸುವಂತೆ ತಿಳಿಸಿತು. ಫಲಕದ ವೆಚ್ಚವಾದರೋ ಲಿಫ್ಟಿನ ಬೆಲೆಯೆದುರು ಅತ್ಯಲ್ಪ. ಬಾಗಿಲು, ಚೌಕಟ್ಟುಗಳನ್ನು ಸ್ಥಳೀಯವಾಗಿ ಮಾಡಿಕೊಡುವ ಕಾರ್ಖಾನೆಯವರು ಈ ಅಳತೆಯನ್ನು ನಕ್ಷೆಯಲ್ಲಿಯೇ ನಿಗದಿಪಡಿಸಿಕೊಳ್ಳುವುದು ಲೇಸು. ಗೋಡೆ ಎದ್ದ ಮೇಲೆ ತಿದ್ದುವುದು ಕಷ್ಟ.

ಕರಾವಳಿಯ ಉಪ್ಪುಗಾಳಿ ಮತ್ತು ಮಳೆಗಾಲದ ತೇವಕ್ಕೆ ಬಾಗಿಲಿನ ಬೀಗದ ವಿದ್ಯುತ್ ಸಂಪರ್ಕಗಳು ತುಕ್ಕು ಹಿಡಿಯುತ್ತವೆ. ವಿದ್ಯುತ್ ಕೈಕೊಟ್ಟಾಗ ಲಿಫ್ಟನ್ನು ಸಮೀಪದ ಮಹಡಿಗೆ ತಲುಪಿಸುವ ಬ್ಯಾಟರಿಯನ್ನು ಮಳೆಗಾಲಕ್ಕೆ ಮುನ್ನವೇ ಪರೀಕ್ಷಿಸಬೇಕು. ರಾಜ್ಯದ 2012ರ ಲಿಫ್ಟ್ ಕಾಯ್ದೆಯಂತೆ ಪಡೆಯಬೇಕಾದ ಅನುಮತಿ, ಪರವಾನಗಿಗಳ ಕುರಿತು ವಿದ್ಯುತ್ ಪರಿವೀಕ್ಷಣಾಲಯದಲ್ಲಿ ವಿಚಾರಿಸಿಯೇ ಮುಂಗಡ ಹಣ ಕೊಡುವುದು ಕ್ಷೇಮ.